ಒಣಹೂವಿನ ಚಿತ್ರ ಕೆಸರುಬಣ್ಣಕ್ಕೆ ತಿರುಗುವ ಬಗ್ಗೆ

ನಮಸ್ಕಾರ. ಹಿತ್ತಾಳೆ ಚೊಂಬಿನಲ್ಲಿಟ್ಟ ಒಣ ಹೈಡ್ರೇಂಜಿಯಾ ಗೊಂಚಲು ಮತ್ತು ಸಿಲ್ವರ್ ಓಕ್ ಎಲೆಗಳನ್ನು ಅಕ್ರಿಲಿಕ್‌ನಲ್ಲಿ ಅರೆ ಅಮೂರ್ತವಾಗಿ ಬಿಡಿಸಲು ಹೊರಟರೆ ಇಡೀ ಕ್ಯಾನ್ವಾಸ್ ಕೆಸರುಬಣ್ಣವಾಯಿತು, ಇನ್ನು ಯಾವ ಬಣ್ಣ ಕೊಳ್ಳಬೇಕು ಎಂದು ಕೇಳಿದ್ದೀರಿ. ಹೊಸ ಬಣ್ಣದ ಅಗತ್ಯ ನನಗೆ ಕಾಣುವುದಿಲ್ಲ. ನೀವು ಎಲ್ಲ ಹೂಗಳನ್ನೂ ಒಂದೇ ಹದದಲ್ಲಿ ಮಸುಕು ಮಾಡಿದ್ದೀರಿ. ಅರೆ ಅಮೂರ್ತವೆಂದರೆ ಎಲ್ಲವನ್ನೂ ಅರ್ಧರ್ಧ ಬಿಡಿಸುವುದಲ್ಲ, ಕೆಲವನ್ನು ಪೂರ್ತಿ ಉಳಿಸಿಕೊಂಡು ಉಳಿದವನ್ನು ಧೈರ್ಯವಾಗಿ ಬಿಟ್ಟುಬಿಡುವುದು.

ಚೊಂಬಿನ ಬಾಯಿಗೆ ತಾಗಿ ಬಾಗಿರುವ ಗೊಂಚಲನ್ನೇ ಉಳಿಸಿಕೊಳ್ಳಿ. ನಮ್ಮ ಮಡಿಕೇರಿಯ ಆಮ್ಲೀಯ ಮಣ್ಣಿನಲ್ಲಿ ನೀಲಿಯಾಗಿ ಅರಳುವ ಆ ಹೂವು ಒಣಗಿದ ಮೇಲೆ ಹಸಿರು ಬೆರೆತ ಬೂದುಬಣ್ಣಕ್ಕೆ ಇಳಿಯುತ್ತದೆ, ಆದರೆ ಹತ್ತಿರದಿಂದ ನೋಡಿದರೆ ಕಾಗದದಂತಾದ ನಾಲ್ಕು ದಳಗಳಲ್ಲಿ ನರಗಳು ಎದ್ದು ಕಾಣುತ್ತವೆ, ಅಂಚು ಮಾತ್ರ ಕಂದಾಗಿ ಒಳಕ್ಕೆ ಸುರುಳಿಯಾಗಿರುತ್ತದೆ. ಅಂಥ ಎರಡು ಮೂರು ಹೂಗಳನ್ನು ಸಣ್ಣ ಕುಂಚದಿಂದ ಸ್ಪಷ್ಟವಾಗಿ ಬಿಡಿಸಿದರೆ ಸಾಕು, ಗೊಂಚಲಿನ ಉಳಿದ ಭಾಗವನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ಹಿಂದಿನ ಗೊಂಚಲುಗಳು ಒಂದೇ ಚಪ್ಪಟೆ ಆಕಾರವಾಗಿ ಸೇರಿಹೋಗಲಿ. ಕಡ್ಡಿಗಳನ್ನು ಒಂದೊಂದಾಗಿ ಎಳೆಯುವ ಬದಲು ಅವುಗಳ ನಡುವಿನ ಖಾಲಿ ಜಾಗಕ್ಕೆ ಹಿನ್ನೆಲೆಯ ಬಣ್ಣ ತುಂಬಿ, ಕಡ್ಡಿಗಳು ತಾವಾಗಿಯೇ ಉಳಿಯುವಂತೆ ಮಾಡಿ. ನಿಮ್ಮ ಚಿತ್ರದಲ್ಲಿ ಈ ಸಂದಿಗಳೇ ಮುಚ್ಚಿಹೋಗಿರುವುದರಿಂದ ಉಸಿರುಕಟ್ಟಿದಂತೆ ಕಾಣುತ್ತಿದೆ.

ಬಣ್ಣದ ವಿಚಾರಕ್ಕೆ ಬಂದರೆ, ಕಪ್ಪನ್ನು ಬದಿಗಿಡಿ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಬೆರೆಸಿ ಬಿಳಿ ಸೇರಿಸಿದರೆ, ನೀಲಿ ಹೆಚ್ಚಾದಾಗ ತಂಪಾದ ಬೂದು, ಅಂಬರ್ ಹೆಚ್ಚಾದಾಗ ಬೆಚ್ಚನೆಯ ಬೂದು ಸಿಗುತ್ತದೆ. ಸಿಲ್ವರ್ ಓಕ್ ಎಲೆಯ ಬೆಳ್ಳಿಬಣ್ಣದ ಹಿಂಬದಿಗೆ ಮೊದಲನೆಯದು, ಹೂವಿನ ಅಂಚಿಗೆ ಎರಡನೆಯದು. ಕೆಳಪದರ ಒಣಗುವ ಮುನ್ನ ಮತ್ತೆ ಮತ್ತೆ ತಿಕ್ಕಿದರೆ ಯಾವ ಬಣ್ಣವಾದರೂ ಕೆಸರಾಗುತ್ತದೆ. ಅಕ್ರಿಲಿಕ್ ಒಣಗುವುದು ನೀರು ಆವಿಯಾಗಿ, ಆದ್ದರಿಂದ ಮಡಿಕೇರಿಯ ತೇವ ತುಂಬಿದ ಜುಲೈ ತಿಂಗಳಲ್ಲಿ ಟ್ಯೂಬಿನ ಮೇಲೆ ಬರೆದ ಸಮಯವನ್ನು ನಂಬಬೇಡಿ. ಒಣಗಿದ ಮೇಲೆ ಬಣ್ಣ ತುಸು ಗಾಢವಾಗುವುದರಿಂದ ಬೇಕಾದುದಕ್ಕಿಂತ ಸ್ವಲ್ಪ ತಿಳಿಯಾಗಿಯೇ ಕಲೆಸಿಕೊಳ್ಳಿ.

ಇಟಲಿಯ ಬೊಲೋನ್ಯಾದ ಜಾರ್ಜಿಯೋ ಮೊರಾಂಡಿ (1890–1964) ಒಣಹೂ ಮತ್ತು ಬಟ್ಟೆಹೂಗಳನ್ನಿಟ್ಟುಕೊಂಡು ಮಾಡಿದ ಚಿತ್ರಗಳನ್ನು ಒಮ್ಮೆ ನೋಡಿ. ಬಣ್ಣಗಳೆಲ್ಲ ಅಕ್ಕಪಕ್ಕದ ಬೂದುಗಳೇ, ಆದರೂ ತಿಳಿ ಮತ್ತು ಗಾಢದ ಅಂತರ ಲೆಕ್ಕವಿಟ್ಟಂತಿರುವುದರಿಂದ ಯಾವುದೂ ಕೆಸರಾಗಿಲ್ಲ. ನಿಮ್ಮ ಚಿತ್ರವನ್ನು ಮೊಬೈಲಿನಲ್ಲಿ ಕಪ್ಪು ಬಿಳುಪಿಗೆ ಬದಲಿಸಿ ನೋಡಿದರೆ ಈ ಅಂತರ ಎಲ್ಲಿ ತಪ್ಪಿದೆಯೆಂದು ತಕ್ಷಣ ತಿಳಿಯುತ್ತದೆ.

ಇನ್ನು ಹೂಗಳ ಮಾತು. ಮಳೆಗಾಲದ ತೇವ ಹೀರಿ ಅವು ಮೆತ್ತಗಾಗಿ ಬೂಷ್ಟು ಹಿಡಿಯುತ್ತವೆ, ಹೀಗಾಗಿ ಜೋಡಣೆಯ ಸ್ಕೆಚ್ ಮತ್ತು ಫೋಟೋ ಮೊದಲೇ ಮಾಡಿಟ್ಟುಕೊಂಡು, ಕೆಲಸವಿಲ್ಲದ ವೇಳೆ ಹೂಗಳನ್ನು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿಡಿ. ಕ್ಯಾನ್ವಾಸನ್ನು ಗೋಡೆಗೆ ಒರಗಿಸಿಡದೆ ಹಿಂಬದಿಗೆ ಗಾಳಿಯಾಡಲು ಬಿಡಿ. ವಾರ್ನಿಷ್‌ಗೆ ಆತುರ ಬೇಡ, ತೇವದ ಹವೆಯಲ್ಲಿ ಬಳಿದರೆ ಮಂಜು ಕವಿದಂತೆ ಬೆಳ್ಳಗಾಗುವ ಸಂಭವವಿದೆ. ಡಿಸೆಂಬರ್‌ನ ಒಂದು ಒಣ ಬಿಸಿಲಿನ ದಿನ ನೋಡಿ ಬಳಿಯಿರಿ.