ಸಿ ಶಾರ್ಪ್: ಎಕ್ಸ್‌ಎಂಎಲ್ ವಾಪಸ್ ಓದಿದಾಗ ಲಿಸ್ಟ್‌ನ ಮೊದಲ ಐಟಂ ಮಾತ್ರ ಬರ್ತಿದೆ, ಯಾಕೆ?

ಬಿಲ್‌ನ ತಾರೀಖು 14/08/2023 ಅಂತಲೇ ಬರಬೇಕು ಅನ್ನೋದಕ್ಕೆ ನಿಮ್ಮ ಬಿಲ್ ಕ್ಲಾಸ್‌ಗೆ ಐಎಕ್ಸ್‌ಎಂಎಲ್‌ಸೀರಿಯಲೈಜಬಲ್ (ಎಕ್ಸ್‌ಎಂಎಲ್ ಓದುವ, ಬರೆಯುವ ಕೋಡನ್ನು ನಾವೇ ಬರೆಯೋಕೆ ಬಿಡುವ ಇಂಟರ್ಫೇಸ್) ಹಾಕಿದ್ದೀರಿ. ಬರೆಯೋದು ಸರಿ ಇದೆ, ಓದುವಾಗ ಹತ್ತು ಬಿಲ್‌ಗಳಲ್ಲಿ ಒಂದೇ ಸಿಗುತ್ತೆ, ಎರರ್ ಕೂಡ ಇಲ್ಲ. ಇದೇ ಗುಂಡಿಗೆ ನಾನೂ ಬಿದ್ದು ಎರಡು ದಿನ ಒದ್ದಾಡಿದ್ದೆ.

ಅದರ ಓದುವ ಮೆಥಡ್, ಅಂದ್ರೆ ನಿಮ್ಮ ರೀಡ್‌ಎಕ್ಸ್‌ಎಂಎಲ್‌ನಲ್ಲಿ ಬರೆದಿರೋದು ಸರಿಯಾಗೇ ಇದೆ, ಕೊನೆಗೆ ಇರಬೇಕಾದ ಒಂದು ಸಾಲು ಇಲ್ಲ ಅಷ್ಟೆ. ಆ ಮೆಥಡ್ ಶುರುವಾದಾಗ ರೀಡರ್ (ಎಕ್ಸ್‌ಎಂಎಲ್ ಓದುತ್ತಾ ಮುಂದೆ ಸಾಗುವ ಆಬ್ಜೆಕ್ಟ್) ಬಿಲ್‌ನ ತೆರೆಯುವ ಟ್ಯಾಗ್ ಮೇಲೆ ನಿಂತಿರುತ್ತೆ. ಮುಗಿಯೋ ಹೊತ್ತಿಗೆ ಮುಚ್ಚುವ ಟ್ಯಾಗನ್ನೂ ದಾಟಿರಬೇಕು, ದಾಟಿಸೋದು ನಿಮ್ಮ ಕೆಲಸ. ನೀವು ಒಳಗಿನದನ್ನಷ್ಟೇ ಓದಿ ಬಿಟ್ಟಿದ್ದೀರಿ. ಇಡೀ ಎಕ್ಸ್‌ಎಂಎಲ್ಲನ್ನು ಆಬ್ಜೆಕ್ಟ್ ಮಾಡಿಕೊಡುವ ಎಕ್ಸ್‌ಎಂಎಲ್‌ಸೀರಿಯಲೈಜರ್‌ಗೆ ಎದುರಿಗೆ ಒಂದು ಮುಚ್ಚುವ ಟ್ಯಾಗ್ ಕಾಣುತ್ತೆ. ಯಾರದ್ದು ಅಂತ ಹೆಸರು ಕೇಳಲ್ಲ, ಲಿಸ್ಟೇ ಮುಗೀತು ಅಂದುಕೊಳ್ಳುತ್ತೆ. ಉಳಿದ ಒಂಬತ್ತು ಬಿಲ್ ಅದಕ್ಕೆ ಗುರುತಿಲ್ಲದ ಎಲಿಮೆಂಟ್‌ಗಳು, ಸದ್ದಿಲ್ಲದೆ ಹಾರಿಸಿಬಿಡುತ್ತೆ. ಲಿಸ್ಟ್ ಆದಮೇಲೆ ಒಟ್ಟು ಮೊತ್ತ ಇದ್ದರೆ ನೋಡಿ, ಅದೂ ಸೊನ್ನೆಯಾಗಿರುತ್ತೆ.

ಸರಿ ಮಾಡೋದು ಹೀಗೆ: ಮೊದಲು ರೀಡರ್‌ನ ಈಸ್‌ಎಂಪ್ಟಿಎಲಿಮೆಂಟ್ (ಟ್ಯಾಗ್ ಖಾಲಿಯೇ ಅನ್ನೋದಕ್ಕೆ ಹೌದು/ಇಲ್ಲ) ಉತ್ತರವನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಟ್ಟುಕೊಳ್ಳಿ, ಆಮೇಲೆ ತೆರೆಯುವ ಟ್ಯಾಗ್ ದಾಟಿಸೋ ರೀಡ್‌ಸ್ಟಾರ್ಟ್‌ಎಲಿಮೆಂಟ್. ಖಾಲಿಯಾಗಿದ್ದರೆ ಅಲ್ಲಿಗೇ ರಿಟರ್ನ್. ಇಲ್ಲದಿದ್ದರೆ ಒಳಗಿನದನ್ನು ಓದಿ, ಕೊನೆಗೆ ಮುಚ್ಚುವ ಟ್ಯಾಗ್ ದಾಟಿಸೋ ರೀಡ್‌ಎಂಡ್‌ಎಲಿಮೆಂಟ್, ನಿಮ್ಮಲ್ಲಿ ಇಲ್ಲದ ಸಾಲು ಇದೇ. ಬರೆಯುವ ಮೆಥಡ್ ರೈಟ್‌ಎಕ್ಸ್‌ಎಂಎಲ್‌ನಲ್ಲಿ ಲೆಕ್ಕ ಉಲ್ಟಾ: ಹೊರಗಿನ ಟ್ಯಾಗನ್ನು ಸೀರಿಯಲೈಜರೇ ಬರೆಯುತ್ತೆ, ನೀವು ಮುಟ್ಟಬೇಡಿ. ಇಂಟರ್ಫೇಸ್ ಕೇಳುವ ಮೂರನೇ ಮೆಥಡ್ ಗೆಟ್‌ಸ್ಕೀಮಾ ನಲ್ ಕೊಟ್ಟರೆ ಸಾಕು.

ಆದರೆ ಒಂದು ತಾರೀಖಿಗೆ ಇಷ್ಟೆಲ್ಲ ಮಾಡೋದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ. ನಾನಾಗಿದ್ದರೆ ಇಂಟರ್ಫೇಸನ್ನೇ ಕಿತ್ತುಹಾಕುತ್ತಿದ್ದೆ. ತಾರೀಖಿನ ಡೇಟ್‌ಟೈಮ್ ಪ್ರಾಪರ್ಟಿಗೆ ಎಕ್ಸ್‌ಎಂಎಲ್‌ಇಗ್ನೋರ್ (ಸೀರಿಯಲೈಜರ್ ಇದನ್ನು ಬಿಟ್ಟುಬಿಡಲಿ ಅನ್ನೋ ಗುರುತು) ಹಾಕಿ. ಪಕ್ಕದಲ್ಲೇ ಒಂದು ಸ್ಟ್ರಿಂಗ್ ಪ್ರಾಪರ್ಟಿ ಇಟ್ಟು, ಎಕ್ಸ್‌ಎಂಎಲ್‌ಎಲಿಮೆಂಟ್ ಆಟ್ರಿಬ್ಯೂಟ್‌ನಲ್ಲಿ ನಿಮಗೆ ಬೇಕಾದ ಹೆಸರು ಕೊಡಿ. ಅದರ ಗೆಟ್‌ನಲ್ಲಿ ತಾರೀಖನ್ನು ಅಕ್ಷರ ಮಾಡುವ ಟುಸ್ಟ್ರಿಂಗ್, ಸೆಟ್‌ನಲ್ಲಿ ಅಕ್ಷರವನ್ನು ಅದೇ ಫಾರ್ಮ್ಯಾಟ್‌ನಿಂದ ವಾಪಸ್ ತಾರೀಖು ಮಾಡುವ ಪಾರ್ಸ್‌ಎಕ್ಸಾಕ್ಟ್. ಗೆಟ್, ಸೆಟ್ ಎರಡೂ ಪಬ್ಲಿಕ್ ಇರಲೇಬೇಕು, ಸೆಟ್ ಬಿಟ್ಟರೆ ಸೀರಿಯಲೈಜರ್ ಆ ಪ್ರಾಪರ್ಟಿಯನ್ನು ಲೆಕ್ಕಕ್ಕೇ ತಗೊಳ್ಳಲ್ಲ.

ಎರಡೂ ಕಡೆ ಇನ್‌ವೇರಿಯೆಂಟ್‌ಕಲ್ಚರ್ (ಯಾವ ದೇಶದ ಸೆಟ್ಟಿಂಗ್‌ಗೂ ಅಂಟದ ಬರವಣಿಗೆ ನಿಯಮ) ಕೊಡೋದು ಮರೀಬೇಡಿ. ಫಾರ್ಮ್ಯಾಟ್‌ನಲ್ಲಿ ನೀವು ಹಾಕುವ ಓರೆಗೆರೆ ಬರೀ ಓರೆಗೆರೆ ಅಲ್ಲ, 'ಈ ಕಂಪ್ಯೂಟರ್‌ನ ರೀಜನ್‌ನಲ್ಲಿ ತಾರೀಖಿನ ನಡುವೆ ಏನು ಬಳಸ್ತಾರೋ ಅದು' ಅಂತ ಅರ್ಥ. ನಮ್ಮ ಟೆಸ್ಟ್ ಸರ್ವರ್‌ನಲ್ಲಿ 14/08/2023 ಆಗಿದ್ದದ್ದು, ಇಂಡಿಯಾ ರೀಜನ್ ಇದ್ದ ಕ್ಲೈಂಟ್ ಕಂಪ್ಯೂಟರ್‌ನಲ್ಲಿ 14-08-2023 ಆಗಿ ಕೂತಿತ್ತು.

ಇನ್ನೊಂದು: ಟೆಸ್ಟ್ ಬರೆಯುವಾಗ ಸೀರಿಯಲೈಜರ್‌ನ ಅನ್‌ನೋನ್‌ಎಲಿಮೆಂಟ್ ಈವೆಂಟ್‌ಗೆ (ಗುರುತಿಲ್ಲದ ಎಲಿಮೆಂಟ್ ಸಿಕ್ಕಾಗ ಬರೋ ಸೂಚನೆ) ಎಕ್ಸೆಪ್ಶನ್ ಎಸೆಯುವ ಒಂದು ಹ್ಯಾಂಡ್ಲರ್ ಹಾಕಿಡಿ. ನಿಮ್ಮ ಒಂಬತ್ತು ಬಿಲ್ ಮೊದಲ ದಿನವೇ ಕೂಗಿ ಹೇಳ್ತಿದ್ದವು.