ಮೈದಾನದ ಪ್ರಶ್ನೆಗಳು: ಫಿಲಿಪ್ ಲಾಮ್ ಮತ್ತು ನಮ್ಮೂರಿನ ಬ್ಯಾಕ್‌ಗಳು

ಜರ್ಮನಿಯ ಮಾಜಿ ಫುಟ್‌ಬಾಲ್ ಡಿಫೆಂಡರ್ (ರಕ್ಷಣೆಯ ಸಾಲಿನ ಬ್ಯಾಕ್) ಫಿಲಿಪ್ ಲಾಮ್ ಬಗ್ಗೆ ಓದುಗರಿಂದ ಪ್ರಶ್ನೆ ಕೇಳಿದ್ದೆವು. ಉಳ್ಳಾಲದಿಂದ ಕುಂದಾಪುರದವರೆಗೆ ಪತ್ರಗಳು ಬಂದಿವೆ. ಮಳೆಗಾಲದ ಆಟಕ್ಕೆ ಉಪಯೋಗ ಆಗುವಂಥವನ್ನು ಆರಿಸಿ ಉತ್ತರಿಸಿದ್ದೇವೆ.

ನನ್ನ ಮಗನಿಗೆ 15 ವರ್ಷ, ಎತ್ತರ 5 ಅಡಿ 4 ಇಂಚು. ಶಾಲಾ ತಂಡದಲ್ಲಿ ಬ್ಯಾಕ್ ಆಡುತ್ತಾನೆ. "ಇಷ್ಟು ಗಿಡ್ಡ ಇದ್ದರೆ ಡಿಫೆನ್ಸ್‌ಗೆ ಆಗಲಿಕ್ಕಿಲ್ಲ" ಎನ್ನುತ್ತಾರೆ. ಬಿಡಿಸುವುದೋ? (ಉಳ್ಳಾಲದ ಒಬ್ಬ ತಾಯಿ)

ಬಿಡಿಸಬೇಡಿ ಅಮ್ಮಾ. ಲಾಮ್ ಎತ್ತರ 170 ಸೆಂಟಿಮೀಟರ್, ಅಂದರೆ 5 ಅಡಿ 7 ಇಂಚು ಮಾತ್ರ. ಆ ಎತ್ತರದಲ್ಲೇ ಜರ್ಮನಿ ಪರ 113 ಪಂದ್ಯ ಆಡಿದರು, 2014ರಲ್ಲಿ ನಾಯಕನಾಗಿ ವಿಶ್ವಕಪ್ ಎತ್ತಿದರು. 1983ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿ, ಅಲ್ಲಿನ ಗೆರ್ನ್ ಎಂಬ ಬಡಾವಣೆಯ ಸಣ್ಣ ಕ್ಲಬ್‌ನಲ್ಲಿ ಆಟ ಶುರು ಮಾಡಿ, 11ನೇ ವಯಸ್ಸಿನಲ್ಲಿ ಬಾಯರ್ನ್ ಮ್ಯೂನಿಕ್ ಸೇರಿದವರು. ದೊಡ್ಡವರ ತಂಡಕ್ಕೆ ಬಂದಾಗ ಜಾಗ ಇರಲಿಲ್ಲ. ಎರಡೂ ಬದಿಯಲ್ಲಿ ಫ್ರಾನ್ಸ್‌ನ ಸಾನ್ಯೋಲ್ ಮತ್ತು ಲಿಜರಾಜು ಇದ್ದರು. ಹಾಗಾಗಿ 2003ರಿಂದ ಎರಡು ಸೀಸನ್ ಸ್ಟುಟ್‌ಗಾರ್ಟ್‌ಗೆ ಎರವಲು ಹೋಗಿ ಆಡಿದರು. ನಿಮ್ಮ ಮಗನಿಗೆ ಶಾಲಾ ತಂಡದಲ್ಲಿ ಬೆಂಚ್ ಮಾತ್ರ ಸಿಗುತ್ತಿದ್ದರೆ ಇದನ್ನು ನೆನಪಿಡಿ: ಆಡಲು ಸಿಗುವ ಸಣ್ಣ ತಂಡವೇ ಒಳ್ಳೆಯದು.

ಆದರೆ ಜಾಗ ಸರಿಯಾಗಿ ಆರಿಸಬೇಕು. ನಡುವಿನ ಸ್ಟಾಪರ್‌ಗೆ ಎತ್ತರ ಬೇಕು, ಅದರಲ್ಲಿ ಸುಳ್ಳು ಹೇಳಿ ಫಲವಿಲ್ಲ. ಬದಿಯ ಬ್ಯಾಕ್‌ಗೆ ಬೇಕಾದದ್ದು ಕಾಲಿನ ಚುರುಕು ಮತ್ತು ನಿಲ್ಲುವ ಜಾಗದ ಅಂದಾಜು. ಎದುರು ಬದಿಯಿಂದ ಎತ್ತರದ ಕ್ರಾಸ್ (ಗೋಲ್ ಮುಂದಕ್ಕೆ ಹಾರಿಸಿದ ಚೆಂಡು) ಬಂದರೆ ಏನು ಮಾಡುವುದು? ಗೋಲ್ ಮತ್ತು ಫಾರ್ವರ್ಡ್ ನಡುವೆ ಅರ್ಧ ಹೆಜ್ಜೆ ಮುಂಚೆಯೇ ನಿಂತು, ಅವನಿಗಿಂತ ಒಂದು ಕ್ಷಣ ಮೊದಲು ಹಾರಬೇಕು. ಚೆಂಡು ಸಿಗದಿದ್ದರೂ ಅವನಿಗೆ ಸಲೀಸಾಗಿ ಹಾರಲು ಆಗುವುದಿಲ್ಲ. ಕೈ ಮಾತ್ರ ತಾಗಿಸಬಾರದು. ಅಂಗಿ ಎಳೆದರೆ ಪೆನಾಲ್ಟಿ.

ನಾನು ಬಲಗಾಲಿನ ಆಟಗಾರ. ಕೋಚ್ ಎಡ ಬ್ಯಾಕ್‌ಗೆ ಹಾಕಿದ್ದಾರೆ. ಚೆಂಡು ಬಂದ ಕೂಡಲೇ ಸಿಕ್ಕಿಬೀಳುತ್ತೇನೆ. (ಮಲ್ಪೆ)

ಲಾಮ್ ಕೂಡ ಬಲಗಾಲಿನವರು, ಎಷ್ಟೋ ವರ್ಷ ಎಡ ಬ್ಯಾಕ್ ಆಡಿದರು. 2006ರ ವಿಶ್ವಕಪ್‌ನ ಮೊದಲ ಪಂದ್ಯ, ಮ್ಯೂನಿಕ್‌ನಲ್ಲಿ ಕೋಸ್ಟರಿಕ ವಿರುದ್ಧ: 6ನೇ ನಿಮಿಷದಲ್ಲಿ ಎಡಬದಿಯಲ್ಲಿ ಚೆಂಡು ಸಿಕ್ಕಿತು, ಒಳಗೆ ತಿರುಗಿದರು, ಬಲಗಾಲಿನಿಂದ ಬಾಗಿಸಿ ಹೊಡೆದರು. ಚೆಂಡು ದೂರದ ಕಂಬದ ಮೇಲಿನ ಮೂಲೆಯಲ್ಲಿ ಒಳಗೆ ಬಿತ್ತು. ಎಡಬದಿಯಲ್ಲಿ ಬಲಗಾಲಿನವನಿಗೆ ಸಿಗುವ ಲಾಭ ಅದು. ರಕ್ಷಣೆಯಲ್ಲೂ ಲಾಭವಿದೆ. ವಿಂಗರ್, ಅಂದರೆ ಬದಿಯಿಂದ ದಾಳಿ ಮಾಡುವ ಎದುರಾಳಿ, ಒಳಗೆ ನುಗ್ಗಿದರೆ ಅವನಿಗೆ ಎದುರಾಗುವುದು ನಿಮ್ಮ ಗಟ್ಟಿ ಕಾಲು.

ನೀವು ಸಿಕ್ಕಿಬೀಳುವ ಕಾರಣ ಬಹುಶಃ ಇದು: ಸ್ಟಾಪರ್ ಕೊಟ್ಟ ಪಾಸನ್ನು ಬಲಗಾಲಿನಲ್ಲಿ ನಿಲ್ಲಿಸುತ್ತೀರಿ. ಹಾಗೆ ಮಾಡಿದರೆ ಮೈ ಒಳಗೆ ತಿರುಗುತ್ತದೆ, ಮುಂದಿನ ಗೆರೆಬದಿ ಕಾಣುವುದಿಲ್ಲ, ಓಡಿ ಬರುವ ವಿಂಗರ್‌ಗೆ ನೀವೇ ಚೆಂಡು ಒಪ್ಪಿಸಿದಂತೆ. ಚೆಂಡು ಬರುವ ದಿಕ್ಕಿನಿಂದ ದೂರ ಇರುವ ಕಾಲಿನಲ್ಲಿ, ಅಂದರೆ ಎಡಗಾಲಿನಲ್ಲಿ ತೆಗೆದುಕೊಳ್ಳಿ. ಸೊಂಟ ಮೈದಾನದ ಕಡೆ ತೆರೆದಿರಲಿ, ಬೆನ್ನು ಟಚ್‌ಲೈನ್‌ಗೆ (ಮೈದಾನದ ಬದಿಯ ಗೆರೆಗೆ) ಇರಲಿ. ಚೆಂಡು ಬರುವ ಮೊದಲು ಒಮ್ಮೆ ತಲೆ ತಿರುಗಿಸಿ ವಿಂಗರ್ ಎಲ್ಲಿದ್ದಾನೆ ನೋಡಿ. ಮೊದಲ ಸ್ಪರ್ಶದಲ್ಲೇ ಚೆಂಡು ಒಂದು ಮೀಟರ್ ಮುಂದೆ ಹೋಗಬೇಕು. ಪಾದದ ಕೆಳಗೆ ಸತ್ತು ಬಿದ್ದರೆ ಮತ್ತೆ ಅದೇ ಕಥೆ.

ಅಭ್ಯಾಸಕ್ಕೆ ಗೋಡೆ ಸಾಕು. 8 ಮೀಟರ್ ದೂರ ನಿಂತು ಎಡಗಾಲಿನ ಒಳಬದಿಯಿಂದ ಹೊಡೆಯಿರಿ, ಎಡಗಾಲಿನಲ್ಲೇ ತೆಗೆದುಕೊಳ್ಳಿ. ದಿನಕ್ಕೆ 50, ವಾರಕ್ಕೆ ಐದು ದಿನ. ಗಾರೆ ಹಾಕಿದ ಗೋಡೆ ಹುಡುಕಿ. ಗಾರೆ ಇಲ್ಲದ ಮುರಕಲ್ಲಿನ ಗೋಡೆಯಿಂದ ಚೆಂಡು ಎತ್ತೆತ್ತಲೋ ಪುಟಿಯುತ್ತದೆ, ಮೇಲಿನ ಚರ್ಮವೂ ಎರಡೇ ವಾರದಲ್ಲಿ ಸುಲಿದುಹೋಗುತ್ತದೆ.

ಲಾಮ್ ಸ್ಲೈಡಿಂಗ್ ಟ್ಯಾಕಲ್ ನೋಡಿ ನಾವೂ ಮಳೆಯಲ್ಲಿ ಪ್ರಯತ್ನಿಸುತ್ತೇವೆ. ಫೌಲೇ ಹೆಚ್ಚು. ಎಲ್ಲಿ ತಪ್ಪುತ್ತದೆ? (ಮಂಗಳೂರು ಬಂದರಿನ ಗೆಳೆಯರು)

ನೀವು ನೋಡಿದ್ದು ಕೊನೆಯ ಹೆಜ್ಜೆ ಮಾತ್ರ. ಲಾಮ್ ನೆಲಕ್ಕೆ ಬೀಳುವ ಮೊದಲೇ ಮುಕ್ಕಾಲು ಕೆಲಸ ಮುಗಿದಿರುತ್ತಿತ್ತು. ವೃತ್ತಿಪರ ಆಟದಲ್ಲಿ ಅವರಿಗೆ ಒಮ್ಮೆಯೂ ಕೆಂಪು ಕಾರ್ಡ್ ಬರಲಿಲ್ಲ ಎಂಬುದನ್ನು ಗಮನಿಸಿ.

ಮೊದಲು ಜೋರಾಗಿ ಓಡಿ ದೂರ ಕಡಿಮೆ ಮಾಡಿ, ಕೊನೆಯ ಮೂರು ಮೀಟರ್‌ನಲ್ಲಿ ಹೆಜ್ಜೆ ಚಿಕ್ಕದು ಮಾಡಿ. ವಿಂಗರ್‌ನಿಂದ ಒಂದೂವರೆ ಮೀಟರ್ ದೂರದಲ್ಲಿ ನಿಲ್ಲಿ. ಮೊಣಕಾಲು ಬಾಗಿರಲಿ, ಒಂದು ಕಾಲು ಮುಂದೆ ಇರಲಿ, ಮೈ ಓರೆಯಾಗಿ ಟಚ್‌ಲೈನ್ ಕಡೆ ತಿರುಗಿರಲಿ. ಅವನಿಗೆ ಹೊರಗಿನ ದಾರಿ ಮಾತ್ರ ಕಾಣಬೇಕು. ಕಣ್ಣು ಚೆಂಡಿನ ಮೇಲೆ. ಅವನ ಭುಜ, ಸೊಂಟದ ಆಟ ನೋಡಿದರೆ ಮೋಸ ಹೋಗುತ್ತೀರಿ. ಎರಡೂ ಪಾದ ಒಂದೇ ಗೆರೆಯಲ್ಲಿದ್ದರೆ ಕಾಲಿನ ನಡುವೆ ಚೆಂಡು ದಾಟಿಸುತ್ತಾನೆ. ಹೀಗೆ ಹಿಂದೆ ಸರಿಯುತ್ತಾ ಕಾಯುವುದೇ ಬ್ಯಾಕ್‌ನ ನಿಜವಾದ ಕೆಲಸ.

ಜಾರುವುದು ಚೆಂಡು ಅವನ ಕಾಲಿನಿಂದ ದೂರ ಹೋದಾಗ ಮಾತ್ರ. ಒಂದು ಕಾಲು ಮಡಚಿ ಆ ಬದಿಯ ತೊಡೆಯ ಮೇಲೆ ಇಳಿಯಿರಿ, ಇನ್ನೊಂದು ಕಾಲು ಚಾಚಿ ಪಾದವನ್ನು ನೆಲಕ್ಕೆ ಅಂಟಿಸಿಯೇ ಚೆಂಡನ್ನು ಗೆರೆಯ ಆಚೆ ತಳ್ಳಿ. ಬೂಟಿನ ಅಡಿಯ ಸ್ಟಡ್ ಮೇಲೆದ್ದರೆ ಚೆಂಡು ಸಿಕ್ಕಿದರೂ ಫೌಲ್. ಅಂಗೈ ಊರಿ ಬೀಳಬೇಡಿ, ಮಣಿಕಟ್ಟು ಮುರಿಯುವುದು ಹಾಗೆಯೇ. ಪೆನಾಲ್ಟಿ ಬಾಕ್ಸ್ ಒಳಗೆ ಬೇರೆ ದಾರಿ ಇದ್ದರೆ ಜಾರಲೇಬೇಡಿ.

ನಮ್ಮ ಮಳೆಯದ್ದು ಬೇರೆಯೇ ಲೆಕ್ಕ. ನೀರು ನಿಂತ ಕಡೆ ಚೆಂಡು ಪಕ್ಕನೆ ನಿಲ್ಲುತ್ತದೆ, ಹಸಿ ಹುಲ್ಲಿನಲ್ಲಿ ಜಾರಿ ಓಡುತ್ತದೆ. ಮೈದಾನದಲ್ಲಿ ಎಲ್ಲೆಲ್ಲಿ ಹೊಂಡ ಇದೆ ಎಂದು ಪಂದ್ಯಕ್ಕೆ ಮುಂಚೆ ಒಂದು ಸುತ್ತು ನಡೆದು ನೋಡಿ. ನೀವು ಚೆಂಡಿನ ವೇಗ ಅಂದಾಜು ಮಾಡಿ ಜಾರಿದಿರಿ, ಚೆಂಡು ಹೊಂಡದಲ್ಲಿ ನಿಂತಿತು ಅಂತಿಟ್ಟುಕೊಳ್ಳಿ: ನೀವು ಮುಂದೆ ಹೋಗಿ ಅವನ ಕಾಲಿಗೆ ಬೀಳುತ್ತೀರಿ. ನಿಮ್ಮ ಫೌಲ್‌ಗಳಲ್ಲಿ ಅರ್ಧ ಇದೇ ಇರಬೇಕು. ಕೆಸರಿಗೆ ಆರು ಉದ್ದ ಸ್ಟಡ್‌ಗಳ ಬೂಟು ಸರಿ. ಮಳೆ ಬಿಟ್ಟು ನೆಲ ಗಟ್ಟಿಯಾದ ಮೇಲೆ ಗಿಡ್ಡ ರಬ್ಬರ್ ಸ್ಟಡ್‌ನದ್ದೇ ಹಾಕಿ. ಕೆಂಪು ಜಲ್ಲಿಮಣ್ಣಿನಲ್ಲಿ ಜಾರಿ ತರಚಿದರೆ ತಕ್ಷಣ ಸೋಪು ನೀರಿನಲ್ಲಿ ತೊಳೆದು ಕಲ್ಲಿನ ಕಣ ತೆಗೆಯಿರಿ. ಟಿಟಿ ಹಾಕಿಸಿ ಎಷ್ಟು ವರ್ಷ ಆಯಿತು ಎಂದು ವೈದ್ಯರಿಗೆ ಹೇಳಿ.

ಅಂಥ ಆಟಗಾರ 2008ರ ಯೂರೋ (ಯುರೋಪಿನ ದೇಶಗಳ ಕಪ್) ಫೈನಲ್‌ನಲ್ಲಿ ಹೇಗೆ ಎಡವಿದರು? (ಮಣಿಪಾಲ)

ಜೂನ್ 29, ವಿಯೆನ್ನಾ, 33ನೇ ನಿಮಿಷ. ಸ್ಪೇನ್‌ನ ಚಾವಿ ಡಿಫೆನ್ಸ್ ಹಿಂದಕ್ಕೆ ಚೆಂಡು ಬಿಟ್ಟರು. ಲಾಮ್ ಮುಂದಿದ್ದರು, ಗೋಲ್‌ಕೀಪರ್ ಲೇಮನ್ ಕೂಡ ಹೊರಗೆ ಬರುತ್ತಿದ್ದರು. ಯಾರು ತೆಗೆದುಕೊಳ್ಳುವುದು ಎಂಬ ಅನುಮಾನದಲ್ಲಿ ಲಾಮ್ ಒಂದು ಕ್ಷಣ ಸಡಿಲಾದರು. ಹಿಂದಿದ್ದ ಟೊರೆಸ್ ಅಷ್ಟರಲ್ಲಿ ದಾಟಿ ಕೀಪರ್ ಮೇಲಿಂದ ಚೆಂಡು ಎತ್ತಿ ಹಾಕಿದರು. ಪಂದ್ಯದ ಒಂದೇ ಗೋಲ್ ಅದು.

ನಮ್ಮ ಮೈದಾನಗಳಲ್ಲಿ ವಾರಕ್ಕೊಮ್ಮೆ ಕಾಣುವ ತಪ್ಪು ಇದು. ಕೀಪರ್ ಕೂಗಬೇಕು, ಬೇಗ ಕೂಗಬೇಕು, ಒಂದೇ ಶಬ್ದದಲ್ಲಿ. ಕೀಪರ್ ತೆಗೆದುಕೊಳ್ಳುವುದಾದರೆ ತುಳುವಿನಲ್ಲಿ "ಬುಡು" ಎಂದರೂ ಆಯಿತು, ಇಡೀ ತಂಡಕ್ಕೆ ಆ ಶಬ್ದ ಒಂದೇ ಆಗಿರಬೇಕು. ಕೂಗು ಕೇಳುವ ತನಕ ಬ್ಯಾಕ್ ತನ್ನದೇ ಚೆಂಡು ಎಂದು ಓಡಬೇಕು. ಜೋರು ಮಳೆಗೆ ಕೂಗು ಕೇಳಿಸುವುದಿಲ್ಲ, ಅಂಥ ದಿನ ಎದುರಾಳಿಯ ದಾರಿಗೆ ಮೈ ಅಡ್ಡ ಕೊಡುವುದೇ ಕ್ಷೇಮ.

ಇನ್ನೊಂದು ಮಾತು ಹೇಳಲೇಬೇಕು. ಅದಕ್ಕೆ ನಾಲ್ಕು ದಿನ ಮೊದಲು ಸೆಮಿಫೈನಲ್‌ನಲ್ಲಿ ಟರ್ಕಿಯ ಸಬ್ರಿ ಲಾಮ್ ಅವರನ್ನು ದಾಟಿ ಕೊಟ್ಟ ಚೆಂಡಿನಿಂದ 86ನೇ ನಿಮಿಷದಲ್ಲಿ 2-2 ಆಗಿತ್ತು. ಲಾಮ್ ತಲೆ ತಗ್ಗಿಸಿ ನಿಲ್ಲಲಿಲ್ಲ. 90ನೇ ನಿಮಿಷದಲ್ಲಿ ಹಿಟ್ಜಲ್ಸ್‌ಪರ್ಗರ್ ಜತೆ ಚೆಂಡು ಕೊಟ್ಟು ತೆಗೆದುಕೊಂಡು, ಬಾಕ್ಸ್ ಒಳಗೆ ನುಗ್ಗಿ ತಾವೇ ಗೆಲುವಿನ ಗೋಲ್ ಹೊಡೆದರು. ಎಳೆಯ ಬ್ಯಾಕ್‌ಗಳಿಗೆ ಈ ನಾಲ್ಕು ನಿಮಿಷ ತೋರಿಸಿ.

ಡಿಫೆಂಡರ್ ಆದವರನ್ನು 2014ರಲ್ಲಿ ಮಿಡ್‌ಫೀಲ್ಡ್‌ಗೆ ಏಕೆ ಹಾಕಿದರು? (ಕಾರ್ಕಳ)

2013-14ರಲ್ಲಿ ಬಾಯರ್ನ್ ಕೋಚ್ ಗ್ವಾರ್ಡಿಯೋಲ ಅವರನ್ನು ಡಿಫೆನ್ಸ್ ಮುಂದೆ ಆಡಿಸಲು ತೊಡಗಿದರು. ಚೆಂಡು ಕಳೆದುಕೊಳ್ಳದ, ಜಾಗ ತಪ್ಪದ ಆಟಗಾರ ನಡುವೆ ಬೇಕು ಎಂಬುದು ಲೆಕ್ಕ. ವಿಶ್ವಕಪ್‌ನಲ್ಲಿ ಜರ್ಮನಿ ಕೋಚ್ ಲೋವ್ ಕೂಡ ಹಾಗೆಯೇ ಶುರು ಮಾಡಿದರು. ಆದರೆ ಬಲಬದಿ ಮೊಂಡಾಯಿತು, ಅಲ್ಲಿ ನಿಂತವರು ಸ್ಟಾಪರ್‌ಗಳು, ಮುಂದೆ ಓಡಿ ಕ್ರಾಸ್ ಕೊಡುವವರಲ್ಲ. ಅಲ್ಜೀರಿಯ ವಿರುದ್ಧ 70ನೇ ನಿಮಿಷದಲ್ಲಿ ಮುಸ್ತಾಫಿ ಗಾಯಗೊಂಡಾಗ ಲಾಮ್ ಬಲ ಬ್ಯಾಕ್‌ಗೆ ಮರಳಿದರು, ಮತ್ತೆ ಅಲ್ಲೇ ಉಳಿದರು. ಬ್ರೆಜಿಲ್‌ಗೆ 7-1 ಸೋಲಾದ ಪಂದ್ಯದಲ್ಲಿ ಕ್ರೋಸ್ ಹೊಡೆದ ಮೂರನೇ ಗೋಲ್‌ಗೆ ಚೆಂಡು ಬಂದದ್ದು ಲಾಮ್ ಬಲಬದಿಯಿಂದ ಕೊಟ್ಟ ಕ್ರಾಸ್‌ನಿಂದ. ಅವರು ಬದಿಯಲ್ಲೇ ಹೆಚ್ಚು ಬೆಲೆಬಾಳುವ ಆಟಗಾರ ಎಂಬುದು ನಮ್ಮ ಅಭಿಪ್ರಾಯ.

ಪಾದದ ನಡುವೆ ನೋವು, ಆಡುವಾಗ ಹೆಚ್ಚು, ಮಲಗಿದರೆ ಕಡಿಮೆ. ಎಣ್ಣೆ ಹಚ್ಚಿ ಆಡಬಹುದೇ? (ಕುಂದಾಪುರ)

ಬೇಡ. ಬೆರಳಿನಲ್ಲಿ ಒತ್ತಿದಾಗ ಒಂದೇ ಬಿಂದುವಿನಲ್ಲಿ ಚುಚ್ಚಿದಂತೆ ಆದರೆ ಎಲುಬಿನಲ್ಲಿ ಕೂದಲೆಳೆಯ ಬಿರುಕು ಇರಬಹುದು. ಮೊದಲ ಎರಡು ವಾರ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಹೋಗುತ್ತದೆ. ಹಾಗಾಗಿ ಎಕ್ಸ್‌ರೇ ಸರಿ ಇದೆ ಎಂದು ಆಟಕ್ಕಿಳಿಯಬೇಡಿ, ಮೂಳೆ ವೈದ್ಯರಿಗೆ ಮತ್ತೆ ತೋರಿಸಿ. ಲಾಮ್‌ಗೆ 2005ರ ಜನವರಿಯಲ್ಲಿ ಪಾದದ ಎಲುಬು ಹೀಗೆ ಬಿರುಕು ಬಿಟ್ಟಿತ್ತು, ಮೇ ತಿಂಗಳಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯಿತು. ಮತ್ತೆ ಮೈದಾನಕ್ಕೆ ಬಂದದ್ದು ನವೆಂಬರ್‌ನಲ್ಲಿ. ಮರು ವರ್ಷ ವಿಶ್ವಕಪ್‌ನಲ್ಲಿ ಒಂದು ನಿಮಿಷವೂ ಹೊರಗೆ ಕೂರಲಿಲ್ಲ.

ಲಾಮ್ ಜೆರ್ಸಿ ನಂಬರ್ ಎಷ್ಟು? (ಸುರತ್ಕಲ್, 5ನೇ ತರಗತಿ)

ಬಾಯರ್ನ್‌ನಲ್ಲಿ 21, ಮೂರು ವಿಶ್ವಕಪ್‌ಗಳಲ್ಲಿ 16 ಪುಟ್ಟಾ.