ಕೊಲೆಗಾರ ತಪ್ಪಿಸಿಕೊಳ್ಳಲಿ ಅಂತ ಅನಿಸಿದರೆ?

(ಈ ಸಲದ ಪ್ರಶ್ನೆಗಳೆಲ್ಲ ಒಂದೇ ಕಾದಂಬರಿಯ ಸುತ್ತ ಇವೆ. ಉತ್ತರದಲ್ಲಿ ಕಥೆಯ ಕೊನೆ ಬಯಲಾಗುತ್ತದೆ. ಓದಬೇಕು ಅಂತಿರುವವರು ಪುಟ ತಿರುಗಿಸಿ ಮುಂದೆ ಹೋಗಿ.)

ಪ್ರಶ್ನೆ: ಮಾನ್ಯರೇ, ಮಗಳು ಬೆಂಗಳೂರಿನಿಂದ ಬರುವಾಗ ಪೆಟ್ರೀಷಿಯಾ ಹೈಸ್ಮಿತ್ ಬರೆದ ‘ದಿ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ’ ಅನ್ನುವ ಇಂಗ್ಲಿಷ್ ಕಾದಂಬರಿ ತಂದಿದ್ದಳು. ರಾತ್ರಿ ಊಟ ಆದಮೇಲೆ ಸುಮ್ನೆ ನಾಲ್ಕು ಪುಟ ನೋಡೋಣ ಅಂತ ಹಿಡಿದವಳು ಕೆಳಗಿಡಲಿಲ್ಲ. ಅದರ ನಾಯಕ ಟಾಮ್ ರಿಪ್ಲಿ ಜೊತೆಗಾರನನ್ನೇ ಕೊಂದು, ಅವನ ಬಟ್ಟೆ ಹಾಕಿಕೊಂಡು, ಅವನ ದುಡ್ಡಲ್ಲಿ ಅವನ ಹೆಸರಲ್ಲೇ ಬದುಕುತ್ತಾನೆ. ಪೊಲೀಸರು ಬಂದಾಗ ನನ್ನ ಎದೆ ಡವಡವ ಅಂತಿತ್ತು, ಅಯ್ಯೋ ಸಿಕ್ಕಿಬೀಳ್ತಾನಲ್ಲ ಅಂತ! ಕೊನೆಗೆ ಅವನು ಸಿಕ್ಕಿಬೀಳುವುದೇ ಇಲ್ಲ. ಪುಸ್ತಕ ಮುಚ್ಚಿದ ಮೇಲೆ ನನ್ನ ಮೇಲೇ ನನಗೆ ಬೇಸರ ಬಂತು. ನಮ್ಮನೆಯವರು ‘ಇಂಥದ್ದೆಲ್ಲ ಯಾಕೆ ಓದ್ತೀಯ’ ಅಂದರು. ಚೆನ್ನಾಗಿದೆ ಅನ್ನಲು ಮನಸ್ಸಿಲ್ಲ, ಚೆನ್ನಾಗಿಲ್ಲ ಅಂದರೆ ಸುಳ್ಳು. ಈ ಲೇಖಕಿ ಕೊಲೆಯನ್ನು ಒಪ್ಪುತ್ತಾರಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ನಿಮ್ಮನೆಯವರಿಗೆ ಹೇಳಿ, ನಿದ್ದೆ ಕೆಡಿಸುವ ಪುಸ್ತಕ ವರ್ಷಕ್ಕೊಂದು ಸಿಕ್ಕರೆ ಅದೇ ಪುಣ್ಯ ಅಂತ.

ಇನ್ನು ನಿಮ್ಮ ಬೇಸರದ ವಿಷಯ. ಅದು ನಿಮ್ಮೊಬ್ಬರದೇ ಅಲ್ಲ ಮೇಡಂ. ಈ ಕಾದಂಬರಿ ಬಂದದ್ದು 1955ರಲ್ಲಿ. 1960ರಲ್ಲಿ ಫ್ರಾನ್ಸಿನ ನಿರ್ದೇಶಕ ರೆನೆ ಕ್ಲೆಮಾಂ ಇದನ್ನು ಸಿನಿಮಾ ಮಾಡಿದರು, ಅಲೆನ್ ಡೆಲಾನ್ ನಾಯಕ. ಅದರಲ್ಲಿ ಏನಾಗುತ್ತದೆ ಗೊತ್ತಾ? ಕೊನೆಯಲ್ಲಿ ದೋಣಿಯನ್ನು ನೀರಿನಿಂದ ಮೇಲೆಳೆದಾಗ ಅದರ ಹಿಂದೆ ಹೆಣವೂ ಬರುತ್ತದೆ, ಆಟ ಮುಗಿಯಿತು. ಕಾದಂಬರಿಯಲ್ಲಿ ಅಂಥ ದೃಶ್ಯವೇ ಇಲ್ಲ. ಹೈಸ್ಮಿತ್‌ಗೆ ಆ ಕೊನೆ ಇಷ್ಟವಾಗಲಿಲ್ಲ. 1999ರಲ್ಲಿ ಆಂಟನಿ ಮಿಂಗೆಲ್ಲಾ ಮತ್ತೆ ಸಿನಿಮಾ ಮಾಡಿದಾಗ ಬೇರೆ ದಾರಿ ಹಿಡಿದರು. ಅಲ್ಲಿ ದೋಣಿಯ ಕೊಲೆ ಜಗಳದ ಬಿಸಿಯಲ್ಲಿ ನಡೆದುಹೋಗುತ್ತದೆ, ಕೊನೆಯಲ್ಲಿ ಟಾಮ್ ತನ್ನನ್ನು ಪ್ರೀತಿಸಿದವನನ್ನೇ ಕೊಂದು ಒಂಟಿಯಾಗಿ ಕೂರುತ್ತಾನೆ. ಅಂದರೆ ಒಬ್ಬರು ಅವನನ್ನು ಪೊಲೀಸರಿಗೆ ಕೊಟ್ಟರು, ಇನ್ನೊಬ್ಬರು ಪಶ್ಚಾತ್ತಾಪಕ್ಕೆ ಕೊಟ್ಟರು. ಹೈಸ್ಮಿತ್ ಎರಡನ್ನೂ ಮಾಡಲಿಲ್ಲ. ಕಾದಂಬರಿಯಲ್ಲಿ ಅವನು ಕೊಲೆಯ ಯೋಚನೆ ಮಾಡುವುದು ಇಟಲಿಯ ಸ್ಯಾನ್ ರೆಮೊಗೆ ಹೋಗುವ ರೈಲಿನಲ್ಲಿ, ಎದುರಿಗೆ ಆ ಜೊತೆಗಾರ ಡಿಕಿ ಇರುವಾಗಲೇ, ತಣ್ಣಗೆ. ಆಮೇಲೆ ದೋಣಿ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ, ಹುಟ್ಟುಗೋಲಿನಿಂದ ಹೊಡೆಯುತ್ತಾನೆ. ಇದನ್ನು ಓದಿಯೂ ನಾವು ಅವನ ಕಡೆಗೇ ಇರುತ್ತೇವೆ. ಅದೇ ತಾನೇ ನಿಮಗೆ ಕಾಡಿದ್ದು?

ಇದು ಹೇಗೆ ಸಾಧ್ಯವಾಯಿತು ಅಂತ ನೋಡಲು ಮೊದಲ ಪುಟಕ್ಕೇ ಹೋಗಬೇಕು. ನ್ಯೂಯಾರ್ಕಿನ ಬೀದಿಯಲ್ಲಿ ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ ಅಂತ ಟಾಮ್‌ಗೆ ಗೊತ್ತಾಗುತ್ತದೆ. ಪೊಲೀಸಾ? ಅವನು ಆಗಲೇ ಸಣ್ಣಪುಟ್ಟ ಮೋಸ ಮಾಡುತ್ತಿದ್ದಾನೆ, ತೆರಿಗೆ ಇಲಾಖೆಯವನ ಹಾಗೆ ಕಾಗದ ಬರೆದು ಜನರಿಂದ ಚೆಕ್ ತರಿಸಿಕೊಳ್ಳುತ್ತಾನೆ. ತಮಾಷೆ ಅಂದರೆ ಆ ಚೆಕ್ಕುಗಳಿಂದ ಅವನಿಗೆ ಕಾಸೂ ಹುಟ್ಟುವುದಿಲ್ಲ. ಹಿಂದೆ ಬಂದವರು ಪೊಲೀಸಲ್ಲ, ಡಿಕಿಯ ಅಪ್ಪ, ಹಡಗು ಕಟ್ಟುವ ಶ್ರೀಮಂತ. ಇಟಲಿಗೆ ಹೋಗಿ ಕೂತಿರುವ ಮಗನನ್ನು ಹೇಗಾದರೂ ವಾಪಸ್ ಕರೆದುಕೊಂಡು ಬಾ ಅಂತ ಕೇಳಿಕೊಳ್ಳಲು ಬಂದವರು. ಆದರೆ ಅಷ್ಟು ಹೊತ್ತಿಗೆ ನಾವು ಟಾಮ್ ಜೊತೆ ಓಡಿಯಾಗಿದೆ, ಅವನ ಭಯ ನಮ್ಮ ಭಯ ಆಗಿದೆ. ಅಲ್ಲಿಂದ ಕೊನೆವರೆಗೂ ಅವನಿಲ್ಲದ ಒಂದು ದೃಶ್ಯವೂ ಇಲ್ಲ, ಬೇಕಿದ್ದರೆ ತಿರುಗಿಸಿ ನೋಡಿ.

ಎರಡನೆಯ ಕೈಚಳಕ ಇನ್ನೂ ಜೋರು. ಕೊಲೆ ಆದಮೇಲೆ ಕಾದಂಬರಿಯಲ್ಲಿ ಅಳು, ಗೋಳು ಇಲ್ಲ, ಬರೀ ಕೆಲಸ. ಹೆಣ ಮುಳುಗಬೇಕು. ದೋಣಿ ಮುಳುಗಬೇಕು. ಬೆರಳಿನ ಉಂಗುರ ಬಿಚ್ಚಿಕೊಳ್ಳಬೇಕು. ಡಿಕಿಯ ಟೈಪ್‌ರೈಟರ್‌ನಲ್ಲೇ ಅವನ ಗೆಳತಿ ಮಾರ್ಜ್‌ಗೆ ಕಾಗದ ಬರೆಯಬೇಕು, ಅದು ಅವನ ಧಾಟಿಯಲ್ಲೇ ಇರಬೇಕು. ಪ್ರತಿ ತಿಂಗಳು ಬರುವ ಹಣಕ್ಕೆ ಅವನ ಹಾಗೇ ಸಹಿ ಹಾಕಬೇಕು. ಮದುವೆ ಮನೆಯಲ್ಲಿ ಉಸ್ತುವಾರಿ ಹೊತ್ತವರಿಗೆ ಮದುಮಕ್ಕಳ ಮುಖ ನೋಡಲೂ ಪುರುಸೊತ್ತಿರುವುದಿಲ್ಲ, ಅನ್ನ ಸಾಲುತ್ತದಾ, ಎಲೆ ಬಂತಾ ಅನ್ನುವುದೇ ಚಿಂತೆ. ನಮ್ಮ ಕಥೆಯೂ ಅದೇ ಆಗುತ್ತದೆ. ಸತ್ತವನ ಬಗ್ಗೆ ಯೋಚಿಸಲು ಬಿಡುವೇ ಕೊಡದೆ ಹೈಸ್ಮಿತ್ ನಮ್ಮನ್ನು ಕೆಲಸಕ್ಕೆ ಹಚ್ಚಿಬಿಟ್ಟಿದ್ದಾರೆ.

ವೆನಿಸ್‌ನಲ್ಲಿ ಮಾರ್ಜ್ ಕೈಗೆ ಡಿಕಿಯ ಉಂಗುರಗಳು ಸಿಗುವ ಜಾಗ ನೆನಪಿದೆಯಾ? ಟಾಮ್ ಕೈಯಲ್ಲಿ ಶೂ ಹಿಡಿದು ನಿಂತಿದ್ದಾನೆ, ಅದರಲ್ಲೇ ಹೊಡೆದು ಇವಳನ್ನೂ ಮುಗಿಸುವ ಲೆಕ್ಕಾಚಾರ ತಲೆಯಲ್ಲಿ ನಡೆಯುತ್ತಿದೆ. ಅಷ್ಟರಲ್ಲಿ ಅವಳೇ ಅಂದುಕೊಳ್ಳುತ್ತಾಳೆ, ಡಿಕಿ ಆ ಉಂಗುರ ಬಿಚ್ಚುವವನೇ ಅಲ್ಲ, ಬಿಚ್ಚಿದ್ದಾನೆ ಅಂದರೆ ಆತ್ಮಹತ್ಯೆ ಮಾಡಿಕೊಂಡಿರಬೇಕು ಅಂತ. ಓದುವವರಿಗೆ ಉಸಿರು ವಾಪಸ್ ಬರುತ್ತದೆ. ಮಾರ್ಜ್ ಉಳಿದಳು ಅಂತಲೋ, ಟಾಮ್ ಬಚಾವಾದ ಅಂತಲೋ? ನನಗಂತೂ ಎರಡನ್ನೂ ಬೇರೆ ಮಾಡಲು ಆಗಲಿಲ್ಲ.

ಲೇಖಕಿ ಕೊಲೆಯನ್ನು ಒಪ್ಪುತ್ತಾರಾ? ಇಲ್ಲ. ಆದರೆ ಶಿಕ್ಷೆಯನ್ನೂ ಕೊಡುವುದಿಲ್ಲ. ಕೆಲವರು ‘ಕೊನೆಯಲ್ಲಿ ಗ್ರೀಸ್‌ಗೆ ಹೋದಾಗ ಅವನಿಗೆ ಬಂದರಿನಲ್ಲಿ ಪೊಲೀಸರೇ ಕಾಣುತ್ತಾರೆ, ಆ ಭಯವೇ ಶಿಕ್ಷೆ’ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಡಿಕಿಯ ಆಸ್ತಿ ತನಗೇ ಬಂತು ಅಂತ ಗೊತ್ತಾದ ತಕ್ಷಣ ಅವನು ಟ್ಯಾಕ್ಸಿಯವನಿಗೆ ಒಳ್ಳೆಯ ಹೋಟೆಲಿಗೆ ಬಿಡು ಅನ್ನುತ್ತಾನೆ. ಇದು ಶಿಕ್ಷೆ ಅನುಭವಿಸುವವನ ಮಾತಲ್ಲ. ಹೈಸ್ಮಿತ್‌ಗೆ ಆಸಕ್ತಿ ಇದ್ದದ್ದು ಬೇರೆ ಕಡೆ. ಅಪ್ಪ ಅಮ್ಮ ನೀರಿನಲ್ಲಿ ಮುಳುಗಿ ಸತ್ತಿದ್ದಾರೆ, ಬೆಳೆಸಿದ ಅತ್ತೆ ಚುಚ್ಚಿ ಚುಚ್ಚಿ ಮಾತಾಡಿದ್ದಾಳೆ, ಜೇಬಿನಲ್ಲಿ ಕಾಸಿಲ್ಲ. ಆ ಕಡೆ ಡಿಕಿ ಚಿತ್ರ ಬರೆಯುತ್ತೇನೆ ಅಂತ ಸಮುದ್ರದ ದಡದಲ್ಲಿ ಹಾಯಾಗಿದ್ದಾನೆ, ಆ ಚಿತ್ರಗಳೂ ಅಷ್ಟಕ್ಕಷ್ಟೇ. ಟಾಮ್‌ಗೆ ಡಿಕಿ ಬೇಕಾ, ಡಿಕಿಯ ಅಂಗಿ, ಸೂಟ್‌ಕೇಸ್, ಉಂಗುರ ಬೇಕಾ ಅಂತ ಅವನಿಗೇ ಸರಿಯಾಗಿ ಗೊತ್ತಿಲ್ಲ. ಇಡೀ ಪುಸ್ತಕದಲ್ಲಿ ಅವನು ನಿಜಕ್ಕೂ ದುಃಖಪಡುವುದು ಯಾವಾಗ? ಕೊಂದಾಗ ಅಲ್ಲ. ಡಿಕಿಯ ವೇಷ ಕಳಚಿ ಮತ್ತೆ ಬಡ ಟಾಮ್ ರಿಪ್ಲಿ ಆಗಬೇಕಾದಾಗ. ಆ ಭಾಗ ಓದುವಾಗ ನನಗೆ ಮರುಕ ಬಂತು, ಮರುಕ ಬಂದದ್ದಕ್ಕೆ ಸಿಟ್ಟೂ ಬಂತು.

ಇಷ್ಟು ಹೊಗಳಿದ ಮೇಲೆ ನನ್ನ ತಕರಾರನ್ನೂ ಹೇಳಿಬಿಡುತ್ತೇನೆ. ರೋಮ್‌ನಲ್ಲಿ ಟಾಮ್ ಕೈಯಲ್ಲಿ ಸಾಯುವ ಡಿಕಿಯ ಗೆಳೆಯ ಫ್ರೆಡಿ ಮೈಲ್ಸ್ ನೋಡಲೂ ಚೆನ್ನಾಗಿಲ್ಲ, ಮಾತೂ ಒರಟು. ಅಂದರೆ ಅವನು ಸತ್ತರೆ ನಮಗೆ ನೋಯಬಾರದು ಅಂತ ಮೊದಲೇ ಏರ್ಪಾಡಾಗಿದೆ. ಮಾರ್ಜ್ ಸುಮ್ಮನೆ ನಡೆದು ಬಂದರೂ ಅವಳ ಮೈ, ಬಟ್ಟೆ, ಮಾತು ಎಲ್ಲವೂ ಅಸಹ್ಯವಾಗಿ ಕಾಣುತ್ತವೆ. ‘ಅದು ಟಾಮ್ ಕಣ್ಣಿನಿಂದ ನೋಡಿದ್ದು’ ಅನ್ನುವ ಸಮಾಧಾನ ಇದೆ, ಅರ್ಧ ಒಪ್ಪುತ್ತೇನೆ. ಪೂರ್ತಿ ಒಪ್ಪಲು ಆಗದಿರುವುದು ಡಿಕಿಯ ತಾಯಿಯ ಕಾರಣಕ್ಕೆ. ಕಥೆಯ ಶುರುವಿನಲ್ಲಿ ಆಕೆ ಟಾಮ್‌ನನ್ನು ಊಟಕ್ಕೆ ಕರೆದು ಮಗನ ಹಳೇ ಫೋಟೊಗಳನ್ನು ತೋರಿಸುತ್ತಾರೆ. ಆಕೆಗೆ ರಕ್ತದ ಕ್ಯಾನ್ಸರ್. ಮಗ ಸತ್ತ ಮೇಲೆ ಕಾದಂಬರಿ ಆ ಮನೆಯ ಕಡೆ ತಲೆ ಹಾಕುವುದಿಲ್ಲ. ಆ ತಾಯಿಯ ಎದುರು ಕಥೆ ಎರಡು ಪುಟ ಕೂತಿದ್ದರೂ ಟಾಮ್ ತಪ್ಪಿಸಿಕೊಳ್ಳಲಿ ಅಂತ ನಮಗ್ಯಾರಿಗೂ ಅನಿಸುತ್ತಿರಲಿಲ್ಲ. ಹೈಸ್ಮಿತ್‌ಗೆ ಅದು ಚೆನ್ನಾಗಿ ಗೊತ್ತು, ಅದಕ್ಕೇ ಕೂರಿಸಲಿಲ್ಲ. ಜಾಣತನ ಹೌದು, ಆದರೆ ಈ ಜಾಣತನ ನನಗೆ ಸ್ವಲ್ಪ ಕಟುಕತನದ ಹಾಗೆ ಕಾಣುತ್ತದೆ.

ಹಾಗಾಗಿ ಮನೆಯಲ್ಲಿ ಯಾರಾದರೂ ಕೇಳಿದರೆ ‘ಬಿಡಲು ಆಗಲಿಲ್ಲ, ಆದರೆ ಪೂರ್ತಿ ಮೆಚ್ಚಲಿಲ್ಲ’ ಅಂತ ಹೇಳಿ. ಓದಿದ ಪುಸ್ತಕಕ್ಕೆಲ್ಲ ಪಾಸು, ಫೇಲು ಅಂತ ಷರಾ ಬರೆಯಲೇಬೇಕು ಅಂತ ಏನಿದೆ?

ಪ್ರಶ್ನೆ: ಅದೇ ಕಾದಂಬರಿ ನಾನೂ ಓದಿದೆ. ಒಬ್ಬನೇ ಅಧಿಕಾರಿ ರೋಮ್‌ನಲ್ಲಿ ಟಾಮ್‌ನನ್ನು ಡಿಕಿ ಅಂತ ವಿಚಾರಣೆ ಮಾಡುತ್ತಾನೆ, ವೆನಿಸ್‌ನಲ್ಲಿ ಟಾಮ್ ಅಂತಲೇ ವಿಚಾರಣೆ ಮಾಡುತ್ತಾನೆ, ಗುರುತೇ ಸಿಗುವುದಿಲ್ಲ! ಪೊಲೀಸರು ಅಷ್ಟು ದಡ್ಡರಾ?
– ಓದುಗ, ಹುಬ್ಬಳ್ಳಿ

ಉತ್ತರ: ಅಲ್ಲಿ ನನಗೂ ನಗು ಬಂತು. ಬಟ್ಟೆ, ಕೂದಲು, ಮಾತಿನ ರೀತಿ ಬದಲಾಯಿಸಿದರೆ ಸಾಕು ಅನ್ನುವುದು ಸ್ವಲ್ಪ ಜಾಸ್ತಿಯೇ ಆಯಿತು. ಆದರೆ ಕಾಲ ನೋಡಿ. 1950ರ ದಶಕ. ಪಾಸ್‌ಪೋರ್ಟಿನಲ್ಲಿ ಒಂದು ಚಿಕ್ಕ ಕಪ್ಪು ಬಿಳುಪು ಫೋಟೊ, ಬ್ಯಾಂಕಿಗೆ ಸಹಿಯೇ ಸಾಕ್ಷಿ, ಮಗ ಹೇಗಿದ್ದಾನೆ ಅಂತ ಅಮೆರಿಕದ ಅಪ್ಪನಿಗೆ ಗೊತ್ತಾಗುವುದು ಕಾಗದದಿಂದ. ವಿಡಿಯೊ ಕಾಲ್ ಒಂದಿದ್ದಿದ್ದರೆ ಕಾದಂಬರಿ ಮೂರನೇ ಅಧ್ಯಾಯಕ್ಕೇ ಮುಗಿಯುತ್ತಿತ್ತು. ಬೆರಳಚ್ಚಿನ ವಿಷಯ ಮಾತ್ರ ಒಪ್ಪುವಂತಿದೆ. ಡಿಕಿಯ ಸಾಮಾನಿನ ಮೇಲೆಲ್ಲ ಇರುವುದು ಟಾಮ್‌ನದೇ ಬೆರಳಚ್ಚು, ಪೊಲೀಸರು ಅದನ್ನೇ ಡಿಕಿಯದು ಅಂತ ತಿಳಿಯುತ್ತಾರೆ. ಹೋಲಿಸಿ ನೋಡಲು ನಿಜವಾದ ಡಿಕಿ ಎಲ್ಲಿದ್ದಾನೆ? ಅವನು ಸಮುದ್ರದಲ್ಲಿದ್ದಾನಲ್ಲ.

ಪ್ರಶ್ನೆ: ಪತ್ತೇದಾರಿ ಬೇಡ. ಹೀಗೆ ಓದುತ್ತಾ ಓದುತ್ತಾ ನಾವೇ ತಪ್ಪಿತಸ್ಥರು ಅನಿಸುವಂಥದ್ದು ಕನ್ನಡದಲ್ಲಿ ಇದೆಯಾ?
– ಕಾಲೇಜು ವಿದ್ಯಾರ್ಥಿನಿ, ಶಿರಸಿ

ಉತ್ತರ: ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದಿ, 2013ರಲ್ಲಿ ಬಂದದ್ದು. ಅದನ್ನು ಥ್ರಿಲ್ಲರ್ ಅಂದರೆ ಕೆಲವರು ನನ್ನ ಮೇಲೆ ಬೀಳಬಹುದು, ಬೀಳಲಿ. ಬೆಂಗಳೂರಿನ ಒಂದು ಕುಟುಂಬ, ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದುಡ್ಡು ಬಂದಿದೆ, ಎಲ್ಲರೂ ಅವನ ಸಂಪಾದನೆ ಮೇಲೆ ನಿಂತಿದ್ದಾರೆ. ಅದಕ್ಕೇ ಅವನು ಮಾಡಿದ್ದೆಲ್ಲ ಸರಿ. ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬಾಗಿಲಿಗೆ ಬಂದಾಗ ಮನೆಯವರು ಅವಳನ್ನು ಹೇಗೆ ಅಟ್ಟುತ್ತಾರೆ ನೋಡಿ, ಮೈ ಜುಂ ಅನ್ನುತ್ತದೆ. ಕಥೆ ಹೇಳುವವನು ಕೆಲಸವಿಲ್ಲದೆ ಕಾಫಿ ಹೌಸ್‌ನಲ್ಲಿ ಕೂತು ಕಾಲ ಕಳೆಯುವವನು, ಯಾರಿಗೂ ಕೈಯೆತ್ತಿ ಹೊಡೆದವನಲ್ಲ. ಆದರೂ ಹೆಂಡತಿ ಅನಿತಾಗೆ ಏನಾಯಿತು ಅನ್ನುವ ಜಾಗಕ್ಕೆ ಬಂದಾಗ ಅವನ ಸುಮ್ಮನಿರುವಿಕೆಯೇ ಹೆದರಿಸುತ್ತದೆ, ಯಾಕೆಂದರೆ ಏನಾಯಿತು ಅಂತ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನನ್ನ ಕೇಳಿದರೆ ರಿಪ್ಲಿಗಿಂತ ಇದೇ ಹೆಚ್ಚು ಕತ್ತಲಿನ ಪುಸ್ತಕ. ರಿಪ್ಲಿ ಓದುವಾಗ ‘ಇದೆಲ್ಲ ದೂರದ ಇಟಲಿಯ ಕಥೆ’ ಅಂತ ಜಾರಿಕೊಳ್ಳಬಹುದು, ಇಲ್ಲಿ ಆಗುವುದಿಲ್ಲ. ಇಂಥ ಮನೆಯಲ್ಲಿ ನಾವೂ ಊಟ ಮಾಡಿ ಬಂದಿರುತ್ತೇವೆ.

ಪ್ರಶ್ನೆ: ರಿಪ್ಲಿಯ ಮುಂದಿನ ಭಾಗಗಳೂ ಇವೆಯಂತೆ. ಎಲ್ಲವನ್ನೂ ಓದಬೇಕಾ? 2024ರಲ್ಲಿ ಬಂದ ಸೀರೀಸ್ ಹೇಗಿದೆ?
– ಓದುಗ, ಉಡುಪಿ

ಉತ್ತರ: ಒಟ್ಟು ಐದು ಕಾದಂಬರಿ, ಕೊನೆಯದು ಬಂದದ್ದು 1991ರಲ್ಲಿ. ಎರಡನೆಯದರಿಂದಲೇ ಟಾಮ್ ಫ್ರಾನ್ಸಿನ ಹಳ್ಳಿಯಲ್ಲಿ ಹೆಂಡತಿ, ತೋಟ ಅಂತ ಸಂಸಾರಸ್ಥ. ಒಂದೇ ಓದುವುದಾದರೆ ಮೂರನೆಯದು, 1974ರ ‘ರಿಪ್ಲೀಸ್ ಗೇಮ್’. ಚಿತ್ರಗಳಿಗೆ ಕಟ್ಟು ಹಾಕುವ ಒಬ್ಬ ಸಾಧು ಮನುಷ್ಯ, ಕಾಯಿಲೆಯವನು, ಪಾರ್ಟಿಯಲ್ಲಿ ಟಾಮ್‌ಗೆ ಒಂದೇ ಒಂದು ಕೊಂಕು ಮಾತಾಡುತ್ತಾನೆ. ಅಷ್ಟಕ್ಕೇ ಟಾಮ್ ಅವನನ್ನು ಕೊಲೆಯ ದಂಧೆಗೆ ಎಳೆಯುವ ಸಂಚು ಶುರು ಮಾಡುತ್ತಾನೆ. ಇಲ್ಲಿ ಬಲಿಯಾಗುವವನ ಮನೆಯೊಳಗೂ ನಾವು ಹೋಗುತ್ತೇವೆ, ಮೊದಲ ಕಾದಂಬರಿಯ ಮೇಲೆ ನಾನು ಮಾಡಿದ ತಕರಾರು ಇದಕ್ಕೆ ಅಂಟುವುದಿಲ್ಲ. ಸೀರೀಸ್ ಎಂಟು ಕಂತು, ಕಪ್ಪು ಬಿಳುಪು, ಟಾಮ್ ಪಾತ್ರವನ್ನು ಆಂಡ್ರ್ಯೂ ಸ್ಕಾಟ್ ಚೆನ್ನಾಗಿ ಮಾಡಿದ್ದಾರೆ. ಆದರೆ ನಿಧಾನ, ಮೆಟ್ಟಿಲು ಹತ್ತಿಳಿಯುವುದನ್ನೇ ತುಂಬ ಹೊತ್ತು ನೋಡಬೇಕು. ನಾಲ್ಕನೆಯ ಮತ್ತು ಐದನೆಯ ಕಾದಂಬರಿ ಗ್ರಂಥಾಲಯದಲ್ಲಿ ಸಿಕ್ಕರೆ ಓದಿ, ದುಡ್ಡು ಕೊಟ್ಟು ಕೊಳ್ಳಬೇಡಿ.